ಒಂದು ‘ಟು’ ಕಿತ್ತುಕೊಂಡ ಸ್ಟೇರಿಂಗ್

ಬಸ್ ಡಿಪೋದ ಮಾನ್ಯ ವ್ಯವಸ್ಥಾಪಕರೇ,

ಎರಡಕ್ಷರದ ಒಂದು ಇಂಗ್ಲಿಷ್ ಪದಕ್ಕಾಗಿ ತಾವು ನನ್ನ ಗಂಡನ ಕೈಯಿಂದ ಸ್ಟೇರಿಂಗ್ ಕಿತ್ತುಕೊಂಡು, ಬಸ್ಸು ತೊಳೆಯುವ ಪೈಪು ಕೊಟ್ಟು ಇಂದಿಗೆ ಹತ್ತೊಂಬತ್ತು ದಿನ. ತಮ್ಮ ವ್ಯಾಕರಣಪ್ರೇಮಕ್ಕೆ ದೊಡ್ಡ ನಮಸ್ಕಾರ.

ಆರೋಗ್ಯ ತಪಾಸಣೆಯ ಫಾರಂನಲ್ಲಿ ಮದ್ಯಪಾನದ ಬಗ್ಗೆ ಒಂದು ಪ್ರಶ್ನೆಯಿತ್ತು. ಉತ್ತರ ಇಂಗ್ಲಿಷಿನಲ್ಲೇ ಇರಬೇಕೆಂಬುದು ತಮ್ಮ ಕಟ್ಟಪ್ಪಣೆ. ಆರು ವರ್ಷದ ಹಿಂದೆ ಕುಡಿತ ಬಿಟ್ಟ ನನ್ನ ಗಂಡ ಹೆಮ್ಮೆಯಿಂದಲೇ ಬರೆದರು: ‘ಐ ಸ್ಟಾಪ್ಡ್ ಟು ಡ್ರಿಂಕ್.’ ‘ಸ್ಟಾಪ್ಡ್ ಡ್ರಿಂಕಿಂಗ್’ ಎಂದಿದ್ದರೆ ಕುಡಿಯುವುದನ್ನು ಬಿಟ್ಟೆ ಎಂದಾಗುತ್ತಿತ್ತಂತೆ. ನಡುವೆ ‘ಟು’ ನುಸುಳಿದ್ದರಿಂದ, ಕುಡಿಯುವುದಕ್ಕೆಂದು ನಿಲ್ಲಿಸಿದೆ ಎಂದಾಯಿತಂತೆ. ಏನನ್ನು ನಿಲ್ಲಿಸಿದರು? ಫಾರಂ ಹೇಳುವುದಿಲ್ಲ. ಬಸ್ಸನ್ನೇ ಎಂದು ತಾವೇ ತುಂಬಿಕೊಂಡಿರಿ. ಎಂಥ ಕಲ್ಪನಾಶಕ್ತಿ!

ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕಡತ ಬಿಚ್ಚಿದರು.

“ರಕ್ತ ಪರೀಕ್ಷೇಲಿ ಏನಾದ್ರೂ ಸಿಕ್ತಾ ಸಾರ್?” ಎಂದೆ.

“ಏನೂ ಇಲ್ಲಮ್ಮ, ಎಲ್ಲ ಸರಿಯಾಗಿದೆ.”

“ಮತ್ತೆ?”

“ಅವರೇ ಬರ್ಕೊಟ್ಟಿದಾರಲ್ಲ! ತಪ್ಪಾಗಿದ್ರೆ ತಿದ್ದುಪಡಿಗೆ ಅರ್ಜಿ ಕೊಡಿ. ಇಂಗ್ಲಿಷಲ್ಲಿ.”

ಮನುಷ್ಯನ ರಕ್ತಕ್ಕಿಂತ ಅವನ ವ್ಯಾಕರಣ ಗಟ್ಟಿ ಸಾಕ್ಷಿ ಎಂದು ಅಂದೇ ತಿಳಿಯಿತು. ಸರಿ, ನನ್ನ ಗಂಡನಿಂದ ವಿವರಣೆ ಕೇಳಿದ ತಮ್ಮದೇ ಆದೇಶವನ್ನು ನೋಡೋಣ. ಶುಕ್ರವಾರದೊಳಗೆ ಉತ್ತರಿಸಿ ಎನ್ನಲು ‘ಬೈ ಫ್ರೈಡೇ’ ಎಂದಿರಬೇಕಾದ ಕಡೆ ತಾವು ‘ಅಂಟಿಲ್ ಫ್ರೈಡೇ’ ಎಂದು ಸಹಿ ಹಾಕಿದ್ದೀರಿ. ಮೇಷ್ಟ್ರಾಗಿರುವ ನನ್ನಣ್ಣ ಓದಿ ನಕ್ಕುಬಿಟ್ಟ: “ಶುಕ್ರವಾರದ ತನಕ ದಿನಾ ಉತ್ತರ ಬರೀತಾನೇ ಇರ್ಬೇಕು ಅಂತಾಯ್ತಲ್ಲೇ!” ತಮ್ಮ ಕೈಗೆ ಯಾರು ಪೈಪು ಕೊಡಬೇಕು ಸ್ವಾಮಿ?

ಕುಡಿತ ಬಿಟ್ಟ ಹೊಸತರಲ್ಲಿ, ಸಂಜೆಯಾದರೆ ಕೈ ನಡುಗುತ್ತಿದ್ದಾಗ, ನನ್ನ ಗಂಡ ನನ್ನ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ಬೆರಳ ತುಂಬ ಸೂಜಿಗಾಯ. ಮೊನ್ನೆ ಒದ್ದೆ ಪ್ಯಾಂಟಿನಲ್ಲೇ ಬಂದು ಬಾಗಿಲಲ್ಲಿ ನಿಂತು, “ಕುಡಿದ್ರೂ ಇದೇ, ಬಿಟ್ರೂ ಇದೇ. ಯಾಕಾದ್ರೂ ಬಿಟ್ನೋ ಅನ್ನಿಸ್ತಿದೆ ಕಣೇ” ಎಂದರು. ಗುಂಡಿಯ ಡಬ್ಬಿ ಮುಂದಿಟ್ಟೆ. ಕೂತು ಸೂಜಿಗೆ ದಾರ ಪೋಣಿಸಿದರು. ಅಂದಿಗೆ ಉಳಿದೆವು. ದಿನಾ ಉಳಿಯುತ್ತೇವೆಂದು ಹೇಳಲಾರೆ.

ಆದ್ದರಿಂದ ಸೋಮವಾರವೇ ಅವರಿಗೆ ಬಸ್ಸು ಕೊಡಿ. ಮುಂದಿನ ಫಾರಂ ನಾವು ಮಾತಾಡುವ ಭಾಷೆಯಲ್ಲಿರಲಿ. ತಿದ್ದುಪಡಿಯ ಅರ್ಜಿ ಮಾತ್ರ ಕೇಳಬೇಡಿ. ನನ್ನ ಇಂಗ್ಲಿಷಿಗೆ ಅವರು ಜೈಲು ಸೇರಿಯಾರು.

ಇಂತಿ,
ವಾಕ್ಯ ತಪ್ಪಿದರೂ ಮಾತು ತಪ್ಪದ ಚಾಲಕನ ಹೆಂಡತಿ