ಬೆನ್ನಿಗೆ ಎಣ್ಣೆ

ಜನವರಿ 9

ಹಾಲಿನ ಡೈರಿಯಲ್ಲಿ ಇವತ್ತೂ ಫ್ಯಾಟ್ ಅಳೆಯುವ ಮೆಷಿನ್ ಕೈಕೊಟ್ಟಿತು. ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ನಮ್ಮೋರು, ಕದಿರೇಶ್, ಬೆಟ್ಟಕ್ಕೆ ಹೊರಟಾಗಿತ್ತು. ಕಾಡುಗೇರು ಸೀಸನ್. ಜೊತೆಗೆ ಪಕ್ಕದ ಬೀದಿ ಶೋಭಾರಾಣಿ. ಇವರು ಮರ ಹತ್ತಿ ಉದುರಿಸಬೇಕು, ಅವಳು ಕೆಳಗೆ ಆರಿಸಬೇಕು — ಒಬ್ಬರ ಕೈಲಿ ಆಗಲ್ಲವಂತೆ. ಔಷಧಿ ಕಂಪನಿಯವರು ಮುಳಬಾಗಿಲಿಗೇ ಬಂದು ಕೊಳ್ಳುತ್ತಾರೆ. ನಮ್ಮ ಹಸುವಿಗಿಂತ ಆ ಕಾಯಿಯೇ ಹೆಚ್ಚು ತರುತ್ತಿದೆ.

ಜನವರಿ 15, ಸಂಕ್ರಾಂತಿ

ಊಟಕ್ಕೆ ಕೂತು ಇವರ ಉಪದೇಶ. "ಮರ ಕಡಿದ್ರೆ ಒಂದೇ ಸಲ ಕಣೇ ಕಾಸು. ಕಾಯಿ ಆಯ್ಕೊಂಡ್ರೆ ವರ್ಷಾವರ್ಷ. ಕೊಂಬೆ ಮುರೀಬಾರ್ದು. ಸಸಿಗೆ ಅಂತ ನಾಲ್ಕು ಕಾಯಿ ನೆಲಕ್ಕೆ ಬಿಡ್ಬೇಕು."

ಹೋದ ವರ್ಷದವರೆಗೂ ಗರಗಸ ಹಿಡಿದು ನೀಲಗಿರಿ ಕಡಿಯುತ್ತಿದ್ದ ಮನುಷ್ಯ! ಇದು ಇವರ ಮಾತಲ್ಲ, ಅವಳದು. ಹೊಟ್ಟೆ ಉರಿಯಿತು. ಪೊಂಗಲ್ ತಟ್ಟೆ ಪಕ್ಕಕ್ಕೆ ಸರಿಸಿದೆ.

ಜನವರಿ 19, ಸಂಜೆ

ಕಾಡುಗೇರಿನ ಸೊನೆ ತಾಗಿದರೆ ಮೈ ಬೊಬ್ಬೆ. ಅದಕ್ಕೇ ಮೊದಲು ಕೊಬ್ಬರಿ ಎಣ್ಣೆ ಬಳಿದುಕೊಳ್ಳುವುದು. ಮೂಟೆ ಬೆನ್ನ ಮೇಲೆ ಹೊತ್ತು ಇಳಿಯುತ್ತಾರೆ... ಸ್ನಾನಕ್ಕೆ ನೀರು ಹಾಕುವಾಗ ನೋಡಿದೆ. ಮುಂಗೈ ತುಂಬ ಬೊಬ್ಬೆ. ಬೆನ್ನು ಮಾತ್ರ ಹಸುಗೂಸಿನ ಚರ್ಮ. ತನ್ನ ಬೆನ್ನು ತನಗೇ ಎಟುಕುತ್ತಾ?

ಕೇಳಿದೆ. "ಹೆಂಗೋ ಹಚ್ಕೊಂಡೆ ಬಿಡೇ."

ಹೆಂಗೋ!

ಜನವರಿ 20, ಡೈರಿಗೆ ಹೋಗುವ ಮುಂಚೆ

ಎಣ್ಣೆ ಬಾಟ್ಲಿ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ಹುಡುಕಿದರು. "ಮುಗ್ದೋಯ್ತು" ಅಂದೆ. ಹಾಗೇ ಹೋದರು. ಉರೀಲಿ, ನನಗೂ ಉರಿದಿದೆ.

ಜನವರಿ 21

ಇವರ ಬೆನ್ನಲ್ಲಿ ಒಂದೂ ಬೊಬ್ಬೆ ಇಲ್ಲ. "ಪಾಪಂ, ತನ್ನ ಎಣ್ಣೆನೆಲ್ಲಾ ನಂಗೇ ಸುರಿದ್ಬಿಟ್ಲು ಕಣೇ." ಶೋಭಾರಾಣಿಯ ಮುಖ ಊದಿ ಕಣ್ಣು ಮುಚ್ಚಿಹೋಗಿದೆಯಂತೆ. ಕೋಲಾರದ ಆಸ್ಪತ್ರೆಗೆ ಸೇರಿಸಿದ್ದಾರೆ.

ಅಯ್ಯೋ ಅನ್ನಬೇಕಿತ್ತು. ಅಷ್ಟೊಂದು ಪ್ರೀತಿನಾ, ಅಂತ ಅನ್ನಿಸಿತು.

ಜನವರಿ 27

ರಜೆ ಹಾಕಿ ನಾನೇ ಬೆಟ್ಟಕ್ಕೆ ಹೋದೆ. ಇನ್ಮೇಲೆ ಆರಿಸುವವಳು ನಾನೇ. ಮರದ ಹತ್ತಿರ ಗೇಣುದ್ದ ಸಸಿಗಳು. ಸುತ್ತ ಮುಳ್ಳು ಇಟ್ಟಿದ್ದಾಳೆ, ಆ ಶೋಭಾರಾಣಿಯೇ. ತುಳಿದುಹಾಕಬೇಕು ಅನ್ನಿಸಿತು. ತುಳಿಯಲಿಲ್ಲ.

ಇವರು ಅಂಗಿ ಬಿಚ್ಚಿ ಬಂಡೆ ಮೇಲೆ ಕೂತರು. ನಾನು ಹೇಳುವ ಮೊದಲೇ ಬೆನ್ನು ಕೊಟ್ಟರು. ನಿಧಾನವಾಗಿ ಎಣ್ಣೆ ಹಚ್ಚಿದೆ. ಮದುವೆಯಾದ ಮೇಲೆ ಈ ಬೆನ್ನನ್ನು ಇಷ್ಟು ಹೊತ್ತು ಮುಟ್ಟಿದ್ದೇ ಇಲ್ಲ. ಮನಸ್ಸು ತಣ್ಣಗಾಗುತ್ತಿತ್ತು.

ಕಣ್ಣು ಮುಚ್ಚಿಕೊಂಡೇ ಅಂದರು, "ಇನ್ನೂ ಸ್ವಲ್ಪ ಕೆಳಗೆ. ದಿನಾ ಹಚ್ತೀಯಲ್ಲಾ, ಅಲ್ಲಿ."

ನಾನು ಹಚ್ಚಿದ್ದು ಇವತ್ತೇ ಮೊದಲು. ಎಣ್ಣೆ ಬಾಟ್ಲಿಗೆ ಮುಚ್ಚಳ ಹಾಕಿಬಿಟ್ಟೆ.