ಸೋಡಾ ನೀರಿನಲ್ಲಿ ತೊಳೆದ ಕಾರ್ಪೆಟ್

ಗೋಪಾಳ, ಶಿವಮೊಗ್ಗ
9-11-1999

ಪ್ರೀತಿಯ ರಸೂಲ್ ಸಾಬರಿಗೆ ಶಿವಶಂಕರಪ್ಪನ ಸಲಾಂ.

ನಿಮ್ಮ ಕಾಗದ ಬಂದು ನಾಲ್ಕು ತಿಂಗಳಾಯಿತು. ಮಗಳು ಸಫೂರಾಳ ಮದುವೆಗೆ ಅಷ್ಟು ಪ್ರೀತಿಯಿಂದ ಕರೆದಿರಿ. ಬರಲೂ ಇಲ್ಲ, ಎರಡು ಸಾಲು ಬರೆಯಲೂ ಇಲ್ಲ. ಕ್ಷಮಿಸಿ. ಎರಡು ಸಲ ಬರೆಯಲು ಕೂತು ಎದ್ದುಬಿಟ್ಟೆ. ಭದ್ರಾವತಿಯ ಫ್ಯಾಕ್ಟರಿಯಿಂದ ಬಸ್ಸಿನಲ್ಲಿ ಮನೆ ಸೇರುವಷ್ಟರಲ್ಲಿ ಸುಸ್ತಾಗಿರುತ್ತದೆ. ಮದುವೆ ಚೆನ್ನಾಗಿ ಆಯಿತೇ? ದಾವಣಗೆರೆಯಲ್ಲಿ ನಿಮ್ಮ ಭಾವಮೈದುನನ ಟೈರ್ ಅಂಗಡಿ ಹೇಗೆ ನಡೆಯುತ್ತಿದೆ? ಈ ವಯಸ್ಸಿನಲ್ಲಿ ಟೈರ್ ಎತ್ತಬೇಡಿ.

ನೈಲಾನ್ ಕಾರ್ಪೆಟ್ಟಿಗೆ ಕಲೆ ಹಿಡಿಯದ ಹಾಗೆ ಮಾಡುವ ಕೆಲಸ ಇಲ್ಲಿ ಇನ್ನೂ ನಡೆಯುತ್ತಿದೆ. ಲ್ಯಾಬಿನಲ್ಲಿ ನಾನು ಈಗಲೂ ದಿನಾ ತುಂಡುಗಳ ಮೇಲೆ ಕೆಂಪು ಶರಬತ್ತು ಸುರಿದು, ಮಾರನೆ ದಿನ ತೊಳೆದು ನೋಡುತ್ತೇನೆ. ಶುರುವಿನಲ್ಲಿ ನಿಮಗೆ ವಿವರಿಸಲು ಎಷ್ಟು ಒದ್ದಾಡಿದ್ದೆ! ನೈಲಾನ್ ಎಳೆಯಲ್ಲಿ ಬಣ್ಣ ಹಿಡಿಯುವ ಜಾಗಗಳಿವೆ, ಬಣ್ಣ ಹಾಕಿದ ಮೇಲೂ ಕೆಲವು ಖಾಲಿ ಉಳಿಯುತ್ತವೆ, ಶರಬತ್ತಿನ ಕೆಂಪು ಅಲ್ಲಿಗೇ ಹೋಗಿ ಅಂಟುತ್ತದೆ ಎಂದೆ. ನೀವು ನಕ್ಕು, "ಅಷ್ಟೇನಾ ಸಾರ್? ಖಾಲಿ ಸೀಟಿದ್ರೆ ತಾನೆ ಅದು ಬಂದು ಕೂರೋದು? ಮೊದ್ಲೇ ನಮ್ಮೋರ್ನ ಕೂರ್ಸಿಬಿಡಾಣ" ಎಂದಿರಿ. ನಮ್ಮವರು ಎಂದರೆ ಆ ಬಣ್ಣವಿಲ್ಲದ ರಾಸಾಯನಿಕ. ಹುಳಿ ನೀರಿನಲ್ಲಿ ಅದನ್ನು ಕೊಟ್ಟು ಹದವಾಗಿ ಆವಿ ಹಾಯಿಸಿದರೆ ಎಳೆಯ ಮೈಗೆ ಕಚ್ಚಿಕೊಳ್ಳುತ್ತದೆ. ಲೆಕ್ಕ ನನ್ನದಿತ್ತು, ಆವಿಯ ಹದ ಗೊತ್ತಿದ್ದದ್ದು ನಿಮಗೆ.

ಎರಡು ವರ್ಷದ ಹಿಂದೆ ಆ ಹೋಟೆಲಿನವರು ಕಲೆಯಾದ ಕಾರ್ಪೆಟ್ಟುಗಳನ್ನು ವಾಪಸು ತಂದು ಸುರಿದಾಗ, ಆವಿ ಸಾಲದಾಯಿತು ಎಂದು ನಿಮ್ಮನ್ನು ಕೆಲಸದಿಂದ ತೆಗೆದರು. ಅವತ್ತು ಗೇಟಿನ ಹತ್ತಿರ ನನ್ನ ಕೈ ಹಿಡಿದು, "ಹೋಟ್ಲಲ್ಲಿ ತೊಳೆಯೋರ್ನ ಒಂದ್ ಮಾತು ಕೇಳಿ ಸಾರ್. ಬಟ್ಟೆ ಒಗೆಯೋ ಸೋಡಾ ಹಾಕಿರ್ತಾರೆ. ನನ್ ಸ್ಟೀಮ್ ತಪ್ಪಿಲ್ಲ" ಎಂದಿದ್ದಿರಿ.

ಕಳೆದ ತಿಂಗಳು, ಆ ಸರಕಿನಲ್ಲಿ ಉಳಿದಿದ್ದ ಒಂದು ತುಂಡನ್ನು ಪರೀಕ್ಷೆ ಮಾಡಿದೆ. ನೀವು ಹೇಳಿದ್ದೇ ಸರಿ. ಸೋಡಾ ನೀರಿನಲ್ಲಿ ನಾಲ್ಕು ಸಲ ತೊಳೆದರೆ ನಾವು ಕೊಟ್ಟದ್ದೆಲ್ಲ ಬಿಟ್ಟುಹೋಗುತ್ತದೆ. ಆಮೇಲೆ ಶರಬತ್ತು ಬಿದ್ದರೆ ಕೆಂಪು ಹೋಗುವುದೇ ಇಲ್ಲ. ವರದಿ ಬರೆದು ನಮ್ಮ ಮಾಲೀಕ ವೀರೇಂದ್ರ ಅವರ ಮೇಜಿನ ಮೇಲಿಟ್ಟೆ. ಓದಿ, ಕನ್ನಡಕ ತೆಗೆದು, "ಆ ಸಾಬ್ರು ವಾಪಸ್ ಬರ್ತಾರೇನ್ರೀ? ಕೇಳಿ ನೋಡಿ" ಎಂದರು. ಅಷ್ಟೇ.

ಬನ್ನಿ ಎನ್ನಲು ನನಗೆ ಬಾಯಿಲ್ಲ. ಬರುವುದಾದರೆ ಜಾಗವಿದೆ. ಖುರ್ಷಿದ್ ಬೇಗಂ ಅವರಿಗೆ ನನ್ನ ನಮಸ್ಕಾರ ತಿಳಿಸಿ. ಸಫೂರಾಳಿಗೂ ಅಳಿಯನಿಗೂ ಆಶೀರ್ವಾದ. ಅವರ ಸಂಸಾರ ತಣ್ಣಗಿರಲಿ.

ನಿಮ್ಮ
ಶಿವಶಂಕರಪ್ಪ

ಮತ್ತೊಂದು ಮಾತು: 'ಕಳೆದ ತಿಂಗಳು' ಎಂದು ಮೇಲೆ ಬರೆದದ್ದು ಸುಳ್ಳು. ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ. ಕಾರ್ಪೆಟ್ ವಾಪಸು ಬಂದ ವಾರವೇ ಆ ಪರೀಕ್ಷೆ ಮಾಡಿದ್ದೆ. ನೀವು ನನ್ನ ಕೈ ಹಿಡಿದಾಗ ನನಗೆ ಎಲ್ಲ ಗೊತ್ತಿತ್ತು. ದೊಡ್ಡ ಗಿರಾಕಿಯ ಮೇಲೆ ತಪ್ಪು ಹೊರಿಸಲು ಮಾಲೀಕರಿಗೆ ಮನಸ್ಸಿರಲಿಲ್ಲ. ಲ್ಯಾಬೋ ಸ್ಟೀಮೋ, ಒಂದು ಹೆಸರು ಕೊಡಿ ಎಂದಿದ್ದರು. ಆ ಹೋಟೆಲಿನವರು ಈಗ ನಮ್ಮ ಗಿರಾಕಿಗಳಲ್ಲ, ಅದಕ್ಕೇ ವರದಿ ಕೊಡಲು ನನಗೆ ಈಗ ಧೈರ್ಯ ಬಂದದ್ದು. ಅವತ್ತು ನಿಮ್ಮ ಹೆಸರು ಬರೆದುಕೊಟ್ಟವನು ನಾನು.