ಮೂವರಿಗೆ ಒಂದೇ ಚೀಟಿ

ಸೋಮವಾರ, ಊಟದ ಬಿಡುವು

ನನ್ನ ಪ್ರೀತಿಯ ಮೂರ್ಖ ಗೇಜಣ್ಣನಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ‘ಆರಾಮು’ ಅನ್ನುತ್ತೀಯ. ಆ ಮಾತು ಕಿವಿಗೆ ಬಿದ್ದರೇ ನನಗೀಗ ಮೈ ಉರಿಯುತ್ತದೆ. ಶುಕ್ರವಾರ ಲೇತ್ ಮಿಷಿನ್ನಿನ ಮುಂದೆ ಕುಸಿದು ಬೀಳುವ ಐದು ನಿಮಿಷ ಮೊದಲೂ ನೀನು ಆರಾಮಾಗಿಯೇ ಇದ್ದೆ! ಮಿಷಿನ್ನು ತಿರುಗುತ್ತಿತ್ತು ಕಣೋ. ಅದರ ಮೇಲೆ ಬೀಳದೆ ಈಚೆ ಬಿದ್ದದ್ದು ನಿನ್ನ ಜಾಣತನವೇನಲ್ಲ.

ನಿನ್ನೆ ಆಸ್ಪತ್ರೆಗೆ ಬಂದಿದ್ದೆ. ಅತ್ತಿಗೆ ವಾರ್ಡಿನ ಬಾಗಿಲಲ್ಲೇ ತಡೆದು, ನಿಮ್ಮ ಡಾಕ್ಟರಿಕೆ ಸಾಕು, ವೆಲ್ಡಿಂಗ್ ಮಾಡ್ಕೊಂಡಿರಿ ಅಂದುಬಿಟ್ಟರು. ತಲೆ ತಗ್ಗಿಸಿ ವಾಪಸಾದೆ. ಅದಕ್ಕೇ ಈ ಕಾಗದ, ನಮ್ಮ ವರ್ಕ್‌ಶಾಪಿನ ಪೇಂಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನಾನು ಮಾಡಿದ್ದಾದರೂ ಏನು? ನಮ್ಮ ವರ್ಕ್‌ಶಾಪಿನ ಪದ್ಧತಿ ನಿನಗೆ ಗೊತ್ತಿಲ್ಲವೆ? ಬೂಟು ತರಲು ಒಬ್ಬ ಹೋಗುತ್ತಾನೆ, ಎಲ್ಲರ ಅಳತೆ ಒಯ್ಯುತ್ತಾನೆ. ಹಾಗೆಯೇ, ಮೂವರೂ ಅರ್ಧ ದಿನ ರಜೆ ಹಾಕುವುದೇಕೆಂದು ಡಾಕ್ಟರ ಹತ್ತಿರ ನಾನೊಬ್ಬನೇ ಹೋದೆ. ನನ್ನ ತಲೆನೋವು, ಪೇಂಟರನ ಎದೆಯುರಿ, ನಿನ್ನ ತಲೆಸುತ್ತು, ಎಲ್ಲವನ್ನೂ ನನ್ನದೇ ಎಂದು ಒಪ್ಪಿಸಿದೆ. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, ಇಷ್ಟೆಲ್ಲ ಇಟ್ಕೊಂಡು ನಡ್ಕೊಂಡೇ ಬಂದ್ರಾ ಅಂದರು. ನನ್ನ ಬಿಪಿ ನೋಡಿ, ನನ್ನ ರಕ್ತ ತೆಗೆದು, ಬಿಪಿ ಇಳಿಸುವ ಮಾತ್ರೆ ಬರೆದರು. ಅದೇ ಚೀಟಿ ತೋರಿಸಿ ಮೂರು ಪಟ್ಟು ತಂದು ಹಂಚಿದೆ. ಪೇಂಟರ್ ಬಾಯಿ ಕಹಿ ಎಂದು ಎರಡೇ ದಿನಕ್ಕೆ ಬಿಟ್ಟ, ಸೋಮಾರಿ, ಬಚಾವಾದ. ನೀನು ಮಾತ್ರ ಮೂರು ವಾರ ತಪ್ಪದೆ ನುಂಗಿದೆ.

ನಿನ್ನ ಬಿಪಿ ಮೊದಲೇ ಕಡಿಮೆಯಂತೆ! ಎದ್ದು ನಿಂತರೆ ಕಣ್ಣು ಕತ್ತಲಿಡುತ್ತಿತ್ತಂತೆ. ನನಗೆ ಒಂದು ಮಾತು ಹೇಳಲು ನಾಲಿಗೆ ಸವೆಯುತ್ತಿತ್ತೆ? ಗೇಜು ಹಿಡಿದು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಪೀಸನ್ನು ಮೂಲೆಗೆ ಬಿಸಾಡುತ್ತೀಯ, ಅದಕ್ಕೇ ಎಲ್ಲರೂ ನಿನ್ನನ್ನು ಗೇಜು ಅನ್ನುವುದು. ನಿನ್ನ ತೋಳನ್ನು ಒಂದೇ ಒಂದು ಸಲ ಅಳತೆಗೆ ಒಡ್ಡಲಿಲ್ಲ. ಮಗಳು ಎರಡು ಸಲ ಕೆಮ್ಮಿದರೆ ಬೆಳಗಾಗುವುದರೊಳಗೆ ಆಸ್ಪತ್ರೆಗೆ ಓಡುವ ಅಪ್ಪ ನೀನು. ಅಪ್ಪನ ಮೈಗೆ ಮಾತ್ರ ಹೇಳುವವರು ಕೇಳುವವರು ಇಲ್ಲವೆ?

ಮೇಸ್ತ್ರಿ ಇವತ್ತು ನಿನ್ನ ಜಾಗಕ್ಕೆ ಬೇರೆಯವನನ್ನು ನಿಲ್ಲಿಸುತ್ತಾ, ಗಂಡಸರಿಗೆ ಇದೆಲ್ಲ ಮಾಮೂಲಿ ಬಿಡ್ರಪ್ಪಾ ಅಂದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನ ಮೇಲೆ ಕೂಗಾಡಿದೆ. ಗಂಟಲು ಕಟ್ಟಿಕೊಂಡಿದೆ. ಅದೂ ನಿನ್ನಿಂದಲೇ.

ಬೇಗ ಎದ್ದು ಬಾ. ಬೈಯುವುದು ಇನ್ನೂ ಬಹಳ ಬಾಕಿಯಿದೆ.

ನಿನ್ನ ಮೇಲೆ ಕೆಂಡವಾಗಿರುವ,
ವೆಲ್ಡರ್

ಮತ್ತೊಂದು ಮಾತು: ಜೊತೆಗಿರುವ ಕವರು ನನ್ನ ರಕ್ತದ ರಿಪೋರ್ಟು. ತಕ್ಷಣ ಬನ್ನಿ ಎಂದು ಡಾಕ್ಟರಮ್ಮ ಎರಡು ಸಲ ಫೋನು ಮಾಡಿಸಿದರು. ಆರಾಮಾಗಿದ್ದೇನೆ ಅಂದೆ. ಹದಿನೆಂಟು ದಿನದಿಂದ ಟೂಲ್‌ಬಾಕ್ಸಿನಲ್ಲಿದೆ, ಒಡೆಯಲು ಧೈರ್ಯ ಬರುತ್ತಿಲ್ಲ. ನೀನೇ ಒಡೆದು ಓದಿ, ಏನಿದೆಯೋ ಅದನ್ನೇ ಬರೆದು ಕಳಿಸು. ಆರಾಮು ಅಂತ ಮಾತ್ರ ಬರೆಯಬೇಡ.